ದನಗಳ ಮಿದುಳು ಮತ್ತು ನರಮಂಡಲದ ಜನ್ಮದೋಷಗಳು

ಆರೋಗ್ಯವಂತ ಕರು ಹುಟ್ಟಿದ ಒಂದೆರಡು ಗಂಟೆಯಲ್ಲಿ ಎದ್ದು ಕೆಚ್ಚಲು ಹುಡುಕುತ್ತದೆ. ಮಿದುಳು ಗರ್ಭದಲ್ಲೇ ಕೆಟ್ಟಿದ್ದರೆ ಏಳುವುದೇ ಕಷ್ಟ. ತಲೆಯಲ್ಲಿ ನೀರು ತುಂಬಿ ಹಣೆ ಉಬ್ಬುವುದು, ಮುಮ್ಮಿದುಳಿನ ಜಾಗದಲ್ಲಿ ಬರೀ ನೀರಿನ ಚೀಲವಿರುವುದು, ಕಿರುಮಿದುಳು ಬೆಳೆಯದಿರುವುದು ಈ ದೋಷಗಳ ಮುಖ್ಯ ಬಗೆಗಳು. ಕಿರುಮಿದುಳು ಬೆಳೆಯದ ಕರುವಿಗೆ ಎಚ್ಚರವಿರುತ್ತದೆ, ಮೊಲೆ ಬಾಯಿಗಿಟ್ಟರೆ ಚೀಪುತ್ತದೆ. ಆದರೆ ಕಾಲು ಅಗಲಿಸಿ ನಿಂತು, ತಲೆ ನಡುಗಿಸುತ್ತ ಹಿಂದಕ್ಕೆ ಬೀಳುತ್ತದೆ.

ಇಂಥ ಕರುವಿಗೆ ಗ್ರಹಣದ ಕಾರಣ ಹೇಳುವವರಿದ್ದಾರೆ. ನಿಜವಾದ ಕಾರಣ ವೈರಸ್, ಮೇವು ಅಥವಾ ವಂಶ.

ಗಬ್ಬದ ನಾಲ್ಕು, ಐದನೇ ತಿಂಗಳಲ್ಲಿ ಹಸುವಿಗೆ ಬಿವಿಡಿ (ದನಗಳ ವೈರಲ್ ಭೇದಿ) ವೈರಸ್ ತಗುಲಿದರೆ ಕಿರುಮಿದುಳು ಕೆಡುತ್ತದೆ. ಜಪಾನಿನಲ್ಲಿ 1959ರಲ್ಲಿ ಪತ್ತೆಯಾದ ಅಕಬಾನೆ ವೈರಸನ್ನು ನುಸಿಗಳು ಹರಡುತ್ತವೆ. ಅದು ಮಿದುಳನ್ನು ಕರಗಿಸುತ್ತದೆ, ಕಾಲಿನ ಕೀಲುಗಳನ್ನು ಬಿಗಿಸುತ್ತದೆ. ಎರಡರ ಪ್ರತಿಕಾಯಗಳೂ ಭಾರತದ ದನಗಳಲ್ಲಿ ಕಂಡಿವೆ. ತುಂಗಭದ್ರಾ ಕಾಲುವೆಯ ಕೆಸರುಗದ್ದೆಗಳ ಹೊಸಪೇಟೆ, ಹಂಪಿ, ಕಂಪ್ಲಿ ಸೀಮೆಯಲ್ಲಿ ನುಸಿಗೆ ಬರವಿಲ್ಲ. ಹಟ್ಟಿಯ ಸಗಣಿ, ಕೆಸರು ತೆಗೆಸುವುದು ಅಲ್ಲಿ ಬರೀ ಅಚ್ಚುಕಟ್ಟಿನ ಮಾತಲ್ಲ.

ಮೇವಿನದೂ ಅಷ್ಟೇ ದೊಡ್ಡ ಪಾಲು. ಭತ್ತದ ಹುಲ್ಲಿನಲ್ಲಿ ಎ ಜೀವಸತ್ವ ಕೊಡುವ ಕೆರೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಗಬ್ಬದ ಆಕಳು ತಿಂಗಳುಗಟ್ಟಲೆ ಅದನ್ನೇ ತಿಂದರೆ ಕರುವಿನ ಕಣ್ಣಿನ ನರ ಹಾಯುವ ಎಲುಬಿನ ರಂಧ್ರ ಇಕ್ಕಟ್ಟಾಗಿ, ಅದು ಕುರುಡಾಗಿಯೇ ಹುಟ್ಟಬಹುದು. ಸಂಡೂರಿನ ಗುಡ್ಡಗಳಲ್ಲಿ ಹಸಿರು ಒಣಗುವ ಬೇಸಿಗೆಯಲ್ಲೂ ಇದೇ ಅಪಾಯ. ದಿನಕ್ಕಿಷ್ಟು ಹಸಿಮೇವು ಹಾಕಿದರೆ ತಪ್ಪುವ ದೋಷವಿದು.

ವಂಶದ ದೋಷಗಳಲ್ಲಿ ಹೆಸರಾದದ್ದು ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಸಿಟ್ರುಲಿನೀಮಿಯಾ. ಕರು ಸರಿಯಾಗಿಯೇ ಹುಟ್ಟುತ್ತದೆ, ಗಿಣ್ಣದ ಹಾಲು ಕುಡಿಯುತ್ತದೆ. ಆಮೇಲೆ ರಕ್ತದಲ್ಲಿ ಅಮೋನಿಯಾ ಏರಿ ಮಿದುಳು ಊದಿಕೊಳ್ಳುತ್ತದೆ. ಮಂಕಾಗಿ, ಗೋಡೆಗೆ ತಲೆ ಒತ್ತಿ, ವಾರದೊಳಗೆ ಸಾಯುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಇದು ಗೊತ್ತಾದಾಗ ಜಾಡು ಅಮೆರಿಕದ ಲಿನ್‌ಮ್ಯಾಕ್ ಕ್ರಿಸ್ ಕಿಂಗ್ ಎಂಬ ಒಂದೇ ಹೋರಿಯವರೆಗೆ ಹೋಯಿತು. ತಂದೆ, ತಾಯಿ ಇಬ್ಬರಲ್ಲೂ ಆ ಜೀನ್ ಅಡಗಿದ್ದರೆ ನಾಲ್ಕರಲ್ಲಿ ಒಂದು ಕರುವಿಗೆ ಕಾಯಿಲೆ ಬರುವ ಸಂಭವವಿದೆ. ಆದ್ದರಿಂದಲೇ ಭಾರತದ ವೀರ್ಯ ಕೇಂದ್ರಗಳಲ್ಲಿ ಈ ತಳಿಯ ಹೋರಿಗಳಿಗೆ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ.

ಕೃತಕ ಗರ್ಭಧಾರಣೆಯ ಸ್ಟ್ರಾ ಮೇಲೆ ಹೋರಿಯ ನಂಬರು ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ; ಇಂಥ ಕರು ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸಿ.