ವಿಜಯನಗರದ ಮಾಂಸದ ಬೀದಿಗಳು

ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಉಪಾಖ್ಯಾನವಿರುವುದು. ಧರ್ಮದ ಸೂಕ್ಷ್ಮವನ್ನರಿಯಲೆಂದು ಮಿಥಿಲೆಗೆ ಬಂದ ಕೌಶಿಕನೆಂಬ ಬ್ರಾಹ್ಮಣನಿಗೆ, ಉಪದೇಶಿಸಬೇಕಾದವನು ಕಾಣಿಸಿದುದು ಮಾಂಸದ ಅಂಗಡಿಯಲ್ಲಿ, ಕೊಳ್ಳುವವರ ಗುಂಪಿನ ನಡುವೆ. ಈ ವೃತ್ತಿಯು ತನ್ನ ಪಿತೃಪಿತಾಮಹರಿಂದ ಬಂದುದೆಂದು ಅವನು ಸಂಕೋಚವಿಲ್ಲದೆ ನುಡಿದನು. ಈ ಕಥೆಯನ್ನು ಆದರದಿಂದ ಕೇಳುವ ನಮ್ಮ ಜನರು, ತಮ್ಮ ಸೀಮೆಯ ಮಹಾನಗರದಲ್ಲಿದ್ದ ಅಂತಹ ಅಂಗಡಿಗಳ ವಿಷಯವನ್ನು ಮಾತ್ರ ವಿಚಾರಿಸಿದವರಲ್ಲ. ಹಂಪೆಯೆಂದೊಡನೆ ದೇವಾಲಯಗಳೂ ಸಿಂಹಾಸನವೂ ನೆನಪಿಗೆ ಬರುವುವು. ಊರು ಏನನ್ನು ಉಂಡಿತೆಂಬುದು ನೆನಪಿಗೆ ಬಾರದು.

ಈ ವಿಷಯದಲ್ಲಿ ನಮಗೆ ಸಾಕ್ಷಿಗಳಾಗಿರುವವರು ಇಬ್ಬರು ಪರದೇಶೀಯರು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದ ಡೊಮಿಂಗೊ ಪೇಸನೊಬ್ಬನು. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಲ್ಲಿ, ಬರೆದ ಫೆರ್ನಾವೊ ನೂನಿಜನು ಮತ್ತೊಬ್ಬನು. ಇವರ ಪೋರ್ಚುಗೀಸ್ ವೃತ್ತಾಂತಗಳನ್ನು ರಾಬರ್ಟ್ ಸ್ಯೂಯೆಲ್ಲನು ಇಂಗ್ಲಿಷಿಗೆ ತಿರುಗಿಸಿ 1900ರಲ್ಲಿ ಪ್ರಕಟಿಸಿದನು.

ದಿನವೂ ಕೊಯ್ಯುವ ಕುರಿಗಳಿಗೆ ಲೆಕ್ಕವೇ ಇಲ್ಲವೆಂದು ಪೇಸನು ಹೇಳುವನು. ಬೀದಿಬೀದಿಯಲ್ಲಿಯೂ ಕುರಿಯ ಮಾಂಸವನ್ನು ಮಾರುವವರಿದ್ದರು. ಆ ಮಾಂಸವು ಹಂದಿಯ ಮಾಂಸವೆಂದು ಭ್ರಮಿಸುವಷ್ಟು ಶುಭ್ರವೂ ಕೊಬ್ಬಿದುದೂ ಆಗಿದ್ದಿತು. ಕೆಲವು ಬೀದಿಗಳಲ್ಲಿ ಕಟುಕರ ಮನೆಗಳೇ ಇದ್ದು, ಅಲ್ಲಿಯ ಹಂದಿಗಳಷ್ಟು ಬಿಳಿದಾಗಿ ನಿರ್ಮಲವಾದುವನ್ನು ಯಾವ ದೇಶದಲ್ಲಿಯೂ ಕಾಣೆವೆಂದು ಅವನು ಮೆಚ್ಚಿರುವನು. ಹಂದಿಯೊಂದರ ಬೆಲೆ ನಾಲ್ಕೈದು ಹಣ. ಮುಸಲ್ಮಾನರ ಕೇರಿಗೆ ಮುಟ್ಟುವ ಬೀದಿಯಲ್ಲಿ ಶುಕ್ರವಾರದ ಸಂತೆ ಕೂಡುತ್ತಿದ್ದು, ಹಂದಿ, ಕೋಳಿ, ಕಡಲಿನ ಒಣಮೀನುಗಳು ಅಲ್ಲಿ ದೊರೆಯುತ್ತಿದ್ದುವು.

ನೂನಿಜನು ಬೆಲೆಯನ್ನು ಇನ್ನೂ ನಿಷ್ಕೃಷ್ಟವಾಗಿ ಕೊಟ್ಟಿರುವನು. ಪರ್ದಾವೊ ಎಂದು ಅವನು ಕರೆದ ಚಿನ್ನದ ನಾಣ್ಯವೊಂದಕ್ಕೆ ನಗರದಲ್ಲಿ ಹನ್ನೆರಡು ಜೀವಂತ ಕುರಿಗಳು; ಗುಡ್ಡಗಾಡಿನಲ್ಲಿ ಹದಿನಾಲ್ಕೋ ಹದಿನೈದೋ. ನಾಣ್ಯವೊಂದಕ್ಕೆ ಎರಡು ಮೂರು ಕುರಿಗಳ ಈ ಅಂತರದಲ್ಲಿ ಹಿಂಡನ್ನು ಹೊಡೆದುತಂದವರ ಕೂಲಿಯೂ ನಡುವಣ ವರ್ತಕನ ಲಾಭವೂ ಅಡಗಿರಬೇಕೆಂದು ಊಹಿಸಬಹುದು. ಪುರದ್ವಾರದಲ್ಲಿ ತಲೆಹೊರೆಗೂ ಸುಂಕವಿದ್ದಿತೆಂದು ಅವನೇ ಹೇಳಿರುವುದರಿಂದ, ಅದನ್ನೂ ಇದಕ್ಕೆ ಸೇರಿಸಬೇಕು. ಗೋಮಾಂಸವನ್ನು ಅರಸರು ತಿನ್ನುತ್ತಿರಲಿಲ್ಲ. ಜಿಂಕೆ, ಮೊಲ, ಕೌಜುಗಗಳ ಜೊತೆಗೆ ಗುಬ್ಬಿ, ಇಲಿಗಳೂ ಪೇಟೆಗೆ ಬರುತ್ತಿದ್ದುವು.

ಆದರೆ ಅವನ ಮಾತುಗಳಲ್ಲಿ ಅತ್ಯಂತ ಮನನೀಯವಾದುದು ಬೇರೊಂದುಂಟು. ಬೇಟೆಯ ಪ್ರಾಣಿಗಳನ್ನೆಲ್ಲ ಜೀವಂತವಾಗಿಯೇ ಮಾರಬೇಕಾಗಿದ್ದಿತು. ತಾನು ಕೊಳ್ಳುವುದು ಏನೆಂಬುದು ಪ್ರತಿಯೊಬ್ಬನಿಗೂ ತಿಳಿದಿರಬೇಕೆಂಬುದೇ ಅದರ ಕಾರಣ. ಕೊಯ್ದ ಮೇಲೆ ಒಂದು ಮಾಂಸವನ್ನು ಮತ್ತೊಂದೆಂದು ಮಾರುವುದು ಸುಲಭ. ಆ ಮೋಸಕ್ಕೆ ಎಡೆಗೊಡದ ಕಟ್ಟಳೆಯೊಂದು ಈ ಪೇಟೆಯಲ್ಲಿದ್ದಿತೆಂಬುದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲವನ್ನೂ ನಮ್ಮವರೇಕೆ ಬರೆದಿಡಲಿಲ್ಲ? ಅಂಜಿಕೆಯಿಂದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಮಾಂಸಪಾಕಗಳ ವಿವರಣೆಯು ಧಾರಾಳವಾಗಿದೆ. ಆದರೆ ಅದು ಅರಸನ ಭೋಜನದ ಮಾತು. 16ನೆಯ ಶತಮಾನದ ಆದಿಯ ಜೈನಕವಿ ಮೂರನೆಯ ಮಂಗರಸನ ಸೂಪಶಾಸ್ತ್ರವು ಶಾಕಪಾಕಕ್ಕೇ ಮೀಸಲು. ಅರಸನ ಹರಿವಾಣಕ್ಕೂ ಕವಿಯ ಆಚಾರಕ್ಕೂ ಗ್ರಂಥಗಳಾದುವು. ಬೀದಿಯ ಅಂಗಡಿಗೆ ಆಗಲಿಲ್ಲ. ನಿತ್ಯವೂ ಕಾಣುವುದನ್ನು ಬರೆಯತಕ್ಕುದೆಂದು ಊರವರಿಗೆ ತೋರದು, ಹೊಸಬನಿಗೆ ತೋರುವುದು.

1565ರ ಯುದ್ಧದ ತರುವಾಯ ಆ ನಗರವು ಹಾಳಾಯಿತು. ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ತಂದೆಯ ಕತ್ತಿಯು ಮಗನ ಕೈಗೆ ಬರುವ ಅಂಗಡಿಗಳು ಇಂದೂ ಇವೆ. ಅಲ್ಲಿ ನಿಂತು ಕೊಳ್ಳುವವನು ಕೇಳುವುದು ಅಂದಿನ ಎರಡನ್ನೇ: ಮಾಂಸವು ಶುಭ್ರವಾಗಿರಲಿ, ಹೇಳಿದುದೇ ಆಗಿರಲಿ. ಚರಿತ್ರಕಾರನು ಮಾಂಸವನ್ನು ತಿನ್ನಬೇಕಾಗಿಲ್ಲ. ಆದರೆ ತನ್ನ ಪಾಕಶಾಲೆಯ ನಿಯಮದಿಂದ ಊರಿನ ಚರಿತ್ರೆಯನ್ನು ಸೋಸಲಾಗದು. ಕೌಶಿಕನೂ ಮೊದಲು ದೂರದಲ್ಲಿಯೇ ನಿಂತಿದ್ದನು; ಹತ್ತಿರ ಹೋದ ಮೇಲೆಯೇ ಅವನಿಗೆ ತಿಳಿವುಂಟಾಯಿತು.