ಸಾಲ, ಜೀತ ಮತ್ತು ದೇವರ ದಯೆ: ಗುರುಮಠಕಲ್ ಸೀಮೆಯಿಂದ ಮತ್ತಾಯ 18ರ ಒಂದು ಓದು

ಕ್ರೈಸ್ತ ಧರ್ಮಶಾಸ್ತ್ರ ದೇವರ ಕ್ಷಮೆಯನ್ನು ಹೇಳಲು ಹಲವು ರೂಪಕಗಳನ್ನು ಬಳಸಿದೆ. ಕೊಳೆ ತೊಳೆಯುವುದು, ರೋಗ ವಾಸಿಮಾಡುವುದು, ಸೆರೆ ಬಿಡಿಸುವುದು, ಸಾಲ ಮನ್ನಾ ಮಾಡುವುದು ಇವುಗಳಲ್ಲಿ ಮುಖ್ಯವಾದವು. ಗುರುಮಠಕಲ್, ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕೂತು ಸುವಾರ್ತೆ ಓದುವವರನ್ನು ಕೊನೆಯ ರೂಪಕ ಮುಟ್ಟುವಷ್ಟು ಬೇರೆ ಯಾವುದೂ ಮುಟ್ಟಲಾರದು. ಇಲ್ಲಿ ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿದ, ಮಗ ಉಳಿಸಿದ ಬಾಕಿಗೆ ಮೊಮ್ಮಗ ದುಡಿದ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಬರುವ ಕರುಣೆಯಿಲ್ಲದ ಸೇವಕನ ಸಾಮ್ಯವನ್ನು ಈ ನೆಲದ ಅನುಭವದ ಜೊತೆಗಿಟ್ಟು ಓದಿದರೆ, ದೇವರ ದಯೆಯ ಬಗ್ಗೆ ರೂಢಿಯಲ್ಲಿರುವ ಎರಡು ಮಾತುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ ಎಂಬುದು ಈ ಲೇಖನದ ವಾದ. ಯಾರಾದರೂ ಬಾಕಿ ತೀರಿಸಿದ ಮೇಲಷ್ಟೇ ದೇವರು ಕ್ಷಮಿಸುತ್ತಾನೆ ಎಂಬುದು ಮೊದಲನೆಯದು. ಕ್ಷಮೆಯ ದಾರಿ ಹಿಡಿದವರು ಅನ್ಯಾಯದ ಬಗ್ಗೆ ದೂರು ಹೇಳಬಾರದು ಎಂಬುದು ಎರಡನೆಯದು.

ಸಾಮ್ಯ ಹುಟ್ಟುವುದು ಪೇತ್ರನ ಪ್ರಶ್ನೆಯಿಂದ. ತಪ್ಪು ಮಾಡಿದ ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಅವನು ಕೇಳುತ್ತಾನೆ. ಯೇಸು ಆ ಎಣಿಕೆಯನ್ನೇ ತಳ್ಳಿಹಾಕಿ ಕಥೆ ಹೇಳುತ್ತಾರೆ. ಅರಸನೊಬ್ಬ ಲೆಕ್ಕ ನೋಡಲು ಕೂತಾಗ ಹತ್ತು ಸಾವಿರ ತಲಾಂತು ಬಾಕಿಯಿದ್ದ ಸೇವಕನನ್ನು ಎದುರಿಗೆ ತರುತ್ತಾರೆ. ಅವನನ್ನೂ ಹೆಂಡತಿ ಮಕ್ಕಳನ್ನೂ ಮಾರಿ ವಸೂಲು ಮಾಡುವಂತೆ ಅಪ್ಪಣೆಯಾಗುತ್ತದೆ. ಸೇವಕ ಅಡ್ಡಬಿದ್ದು ಗಡುವು ಬೇಡುತ್ತಾನೆ. ಅರಸ ಮರುಗಿ ಸಾಲವನ್ನೇ ಬಿಟ್ಟುಬಿಡುತ್ತಾನೆ. ಬೇಡಿದ್ದು ಗಡುವು, ಸಿಕ್ಕಿದ್ದು ಬಿಡುಗಡೆ. ಹೊರಗೆ ಬಂದ ಅದೇ ಸೇವಕ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ಅವನೂ ಅದೇ ರೀತಿ ಗಡುವು ಬೇಡಿದರೂ ಕೇಳದೆ ಸೆರೆಮನೆಗೆ ಹಾಕಿಸುತ್ತಾನೆ.

ಈ ಮೊತ್ತಗಳನ್ನು ಓದುಗರು ಸಾಮಾನ್ಯವಾಗಿ ‘ದೊಡ್ಡ ಸಾಲ, ಸಣ್ಣ ಸಾಲ’ ಎಂದಷ್ಟೇ ಗ್ರಹಿಸಿ ಮುಂದೆ ಹೋಗುತ್ತಾರೆ. ಅಲ್ಲಿ ನಿಲ್ಲಬೇಕು. ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಮತ್ತಾಯನೇ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಆಳುಗಳ ಕಥೆಯಲ್ಲಿ ಇದನ್ನು ಹೇಳುತ್ತಾನೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಮೊದಲ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದು ಒಂದು ಕಾಸೂ ತಿನ್ನದೆ ಕೂಡಿಟ್ಟರೂ ತೀರಿಸಲು 2 ಲಕ್ಷ ವರ್ಷ ಬೇಕು. ಇತಿಹಾಸಕಾರ ಜೋಸೆಫಸನ ಪ್ರಕಾರ ಗಲಿಲಾಯವನ್ನೂ ಪೆರೆಯವನ್ನೂ ಆಳುತ್ತಿದ್ದ ಹೆರೋದ ಅಂತಿಪನಿಗೆ ಬರುತ್ತಿದ್ದ ವಾರ್ಷಿಕ ಕಂದಾಯವೇ 200 ತಲಾಂತು. ಸೇವಕನ ಸಾಲ ಅದರ 50 ವರ್ಷಗಳ ಹುಟ್ಟುವಳಿ. ಎರಡನೆಯ ಸಾಲ 100 ದಿನಗಳ ಕೂಲಿ. 2005ರ ಉದ್ಯೋಗ ಖಾತರಿ ಕಾಯ್ದೆ ಒಂದು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ಭರವಸೆ ಕೊಟ್ಟದ್ದೂ 100 ದಿನಗಳ ಕೆಲಸವನ್ನೇ. ಜಾಬ್ ಕಾರ್ಡ್ ಹಿಡಿದವರಿಗೆ ನೂರು ದಿನಗಳ ಕೂಲಿ ಎಷ್ಟೆಂಬುದು ಗೊತ್ತು. ಅದು ಬಡವನಿಗೆ ಸಣ್ಣ ಮೊತ್ತವಲ್ಲ. ಜೊತೆಯವನು ಮಾಡಿದ ನಷ್ಟ ಏನೂ ಅಲ್ಲ ಎಂದು ಯೇಸು ಹೇಳುತ್ತಿಲ್ಲ. ನೂರು ದಿನಗಳ ನಷ್ಟವನ್ನು ನಿಜವಾದ ನಷ್ಟವೆಂದು ಒಪ್ಪಿಕೊಂಡೇ ಅದನ್ನು ಬಿಡು ಎನ್ನುತ್ತಾರೆ. ಕ್ಷಮೆಯ ಬಗ್ಗೆ ಹಗುರವಾಗಿ ಮಾತನಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹೆಂಡತಿ ಮಕ್ಕಳನ್ನು ಮಾರುವ ಅಪ್ಪಣೆಯೂ ಈ ಸೀಮೆಗೆ ಹೊರಗಿನ ಕಥೆಯಲ್ಲ. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಾಲಕ್ಕೆ ಬದಲಾಗಿ ಆಳನ್ನು ಕಟ್ಟಿಹಾಕುವ ಪದ್ಧತಿಗೆ ಆ ಸಂಸ್ಥಾನದಲ್ಲಿ ಭಗೇಲಾ ಎಂಬ ಹೆಸರಿತ್ತು, ಕನ್ನಡದಲ್ಲಿ ಜೀತ. ಮದುವೆಗೋ ಕಾಯಿಲೆಗೋ ಪಡೆದ ಕೈಗಡ, ಹೆಬ್ಬೆಟ್ಟು ಒತ್ತಿದ ಒಂದು ಚೀಟಿ, ಸಾವುಕಾರನ ಹೊಲದಲ್ಲಿ ದುಡಿಮೆ. ಚೀಟಿಯಲ್ಲಿ ಬಡ್ಡಿ ಬೆಳೆಯುತ್ತಿತ್ತು, ದುಡಿಮೆ ಬಡ್ಡಿಗೇ ಸರಿಹೋಗುತ್ತಿತ್ತು, ಅಸಲು ಹಾಗೇ ಉಳಿದು ಮಗನ ಹೆಗಲಿಗೆ ಬರುತ್ತಿತ್ತು. ಈ ಕರಾರುಗಳನ್ನು ಹತೋಟಿಗೆ ತರಲು ನಿಜಾಮ್ ಸರ್ಕಾರ ನಿಯಮ ಮಾಡಿತು. ಪದ್ಧತಿಯನ್ನೇ ರದ್ದುಮಾಡಿದ್ದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ. ಅದರ ವ್ಯಾಖ್ಯೆಯಲ್ಲಿ ಭಗೇಲಾ, ಜೀತ ಎರಡೂ ಹೆಸರುಗಳಿವೆ.

ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಈ ಕಾಯ್ದೆಯ ಎರಡು ಕಲಂಗಳನ್ನು ಸಾಮ್ಯದ ಪಕ್ಕದಲ್ಲಿಟ್ಟು ಓದುವುದು ಅಗತ್ಯ. 6ನೆಯ ಕಲಂ ಪ್ರಕಾರ ಜೀತಕ್ಕೆ ಕಾರಣವಾದ ಸಾಲವನ್ನು ತೀರಿಸುವ ಹೊಣೆಯೇ ಇಲ್ಲವಾಗುತ್ತದೆ. ಕಂತು, ರಿಯಾಯಿತಿ, ಗಡುವುಗಳ ಮಾತೇ ಅಲ್ಲಿಲ್ಲ. 9ನೆಯ ಕಲಂ ಇನ್ನೂ ಮುಂದೆ ಹೋಗುತ್ತದೆ: ಹೀಗೆ ಇಲ್ಲವಾದ ಸಾಲದ ಬಾಬತ್ತು ಸಾಲ ಕೊಟ್ಟವನು ಹಣ ತೆಗೆದುಕೊಂಡರೆ ಅದು ಅಪರಾಧ, ಮೂರು ವರ್ಷಗಳವರೆಗೆ ಜೈಲು. ಸಾಮ್ಯದ ಸೇವಕನ ಅಪರಾಧ ಇದಕ್ಕೆ ಬಹಳ ಹತ್ತಿರದ್ದು. ಜೊತೆಯವನ ಸಾಲ ಕಾಗದದ ಮೇಲೆ ಇನ್ನೂ ಇತ್ತು, ನಿಜ. ಆದರೆ ಸಾಲಗಳನ್ನೆಲ್ಲ ಬಿಟ್ಟುಕೊಟ್ಟ ಅರಸನ ಆಳ್ವಿಕೆಯೊಳಗೆ ನಿಂತು ಅವನು ಹಳೆಯ ಆಳ್ವಿಕೆಯ ವಸೂಲಿ ನಡೆಸಿದ. ದಯೆ ಪಡೆದವನು ದಯೆಯ ನಿಯಮಕ್ಕೂ ಒಳಪಡುತ್ತಾನೆ. ಕರ್ತನ ಪ್ರಾರ್ಥನೆಯಲ್ಲಿ ನಮ್ಮ ಸಾಲ ಬಿಡುವುದನ್ನೂ ನಾವು ಇತರರ ಸಾಲ ಬಿಡುವುದನ್ನೂ ಮತ್ತಾಯ ಒಂದೇ ವಾಕ್ಯದಲ್ಲಿ ಹೊಸೆದಿರುವುದು ಇದಕ್ಕಾಗಿಯೇ.

ಈಗ ಮೊದಲನೆಯ ರೂಢಿಯ ಮಾತಿಗೆ ಬರೋಣ. ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ ‘ಕುರ್ ದೇವುಸ್ ಹೋಮೋ’ (ದೇವರು ಮನುಷ್ಯನಾದದ್ದೇಕೆ) ಗ್ರಂಥದಲ್ಲಿ ಪಾಪವನ್ನು ದೇವರ ಗೌರವಕ್ಕೆ ಸಲ್ಲಬೇಕಾದ ಬಾಕಿಯೆಂದು ಕಂಡರು. ಬಾಕಿ ತೀರದೆ ಬಿಡುವುದು ದೇವರ ನ್ಯಾಯಕ್ಕೆ ತಕ್ಕದ್ದಲ್ಲ, ಮನುಷ್ಯ ತೀರಿಸಲಾರ, ಆದ್ದರಿಂದ ದೇವಮಾನವನೇ ತೀರಿಸಬೇಕಾಯಿತು ಎಂಬುದು ಅವರ ತರ್ಕ. ಈ ತರ್ಕದ ಗಾಂಭೀರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮತ್ತಾಯ 18ರಲ್ಲಿ ಯಾರೂ ಯಾರ ಪರವಾಗಿಯೂ ಹಣ ಕಟ್ಟುವುದಿಲ್ಲ. ಹತ್ತು ಸಾವಿರ ತಲಾಂತಿನ ನಷ್ಟ ಅರಸನ ಬೊಕ್ಕಸಕ್ಕೇ ಬೀಳುತ್ತದೆ. ಸಾಲ ಬಿಟ್ಟವನೇ ನಷ್ಟ ಹೊತ್ತವನು. ಶಿಲುಬೆಯನ್ನೂ ಈ ಬೆಳಕಿನಲ್ಲಿ ನೋಡಬೇಕು: ಮೂರನೆಯವನೊಬ್ಬ ಸಿಟ್ಟಾದ ದೇವರಿಗೆ ಕಟ್ಟಿದ ಕಂತೆಂದು ನೋಡುವುದಕ್ಕಿಂತ, ಕ್ಷಮಿಸುವ ದೇವರೇ ತನ್ನ ಮೇಲೆ ಎಳೆದುಕೊಂಡ ನಷ್ಟವೆಂದು ನೋಡುವುದು ಈ ಸಾಮ್ಯಕ್ಕೆ ಹೆಚ್ಚು ಒಪ್ಪುತ್ತದೆ.

ಅರಸರ ದಯೆಗೂ ಈ ದಯೆಗೂ ಇರುವ ದೂರವನ್ನು ಸುರಪುರದ ಇತಿಹಾಸವೇ ತೋರಿಸುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರಿಗೆ ಮೊದಲು ವಿಧಿಸಿದ್ದು ಮರಣದಂಡನೆ. ಅದು ಗಡೀಪಾರಿಗೆ ಇಳಿಯಿತು, ಆಮೇಲೆ ಗವರ್ನರ್ ಜನರಲ್ ಅದನ್ನು ಚೆಂಗಲ್ಪಟ್ಟಿನ ನಾಲ್ಕು ವರ್ಷಗಳ ಬಂಧನಕ್ಕೆ ಇಳಿಸಿದರು. ರಾಜರನ್ನು ಅವರ ಬಾಲ್ಯದಿಂದಲೂ ಬಲ್ಲ, ಅವರಿಂದ ‘ಅಪ್ಪಾ’ ಎಂದು ಕರೆಸಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಬಂಧನದ ಸ್ಥಳಕ್ಕೆ ಒಯ್ಯುವ ದಾರಿಯಲ್ಲೇ ರಾಜರು ಗುಂಡಿನಿಂದ ತೀರಿಕೊಂಡರು; 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು. ಸಾಮ್ರಾಜ್ಯದ ದಯೆ ಶಿಕ್ಷೆಯಲ್ಲಿ ಕಳೆಯುತ್ತ ಹೋಗುತ್ತದೆ, ಕಳೆದುಹೋದ ಸ್ಥಾನವನ್ನು ಮರಳಿ ಕೊಡುವುದಿಲ್ಲ. ಲೂಕ 15ರ ತಂದೆಯಾದರೋ ಪಾಲು ಹಾಳುಮಾಡಿ ಬಂದ ಮಗನನ್ನು ಆಳಾಗಿ ಇಟ್ಟುಕೊಳ್ಳಲು ಒಪ್ಪದೆ, ಬೆರಳಿಗೆ ಉಂಗುರ ತೊಡಿಸಿ ಮಗನ ಸ್ಥಾನದಲ್ಲೇ ಕೂರಿಸುತ್ತಾನೆ.

ಯಾದಗಿರಿ ಸೀಮೆಯಲ್ಲಿ ಬೇರೂರಿರುವ ಮೆಥೋಡಿಸ್ಟ್ ಪರಂಪರೆಗೂ ಸಾಲದ ನೋವು ಹೊಸದಲ್ಲ. ಅದರ ಮೂಲಪುರುಷ ಜಾನ್ ವೆಸ್ಲಿಯ ತಂದೆ ಸ್ಯಾಮ್ಯುಯೆಲ್ ಪಾದ್ರಿಯಾಗಿದ್ದೂ 1705ರಲ್ಲಿ ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆ ಕಂಡವರು. ಮಗ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗಾಗಿ ಸಾಲದ ನಿಧಿ ತೆರೆದರು: 20 ಶಿಲಿಂಗಿನವರೆಗೆ ಸಾಲ, ಬಡ್ಡಿಯಿಲ್ಲ, ಮೂರು ತಿಂಗಳಲ್ಲಿ ವಾಪಸು. ಮನುಷ್ಯ ದೇವರತ್ತ ತಿರುಗುವ ಮೊದಲೇ ದೇವರ ಕೃಪೆ ಅವನನ್ನು ಹುಡುಕಿ ಬಂದಿರುತ್ತದೆ ಎಂದು ಬೋಧಿಸಿದವರೂ ಅವರೇ. ಬೋಧನೆಗೂ ಬಡ್ಡಿಯಿಲ್ಲದ ಸಾಲಕ್ಕೂ ನಂಟಿದೆ ಎಂದೇ ನನ್ನ ನಂಬಿಕೆ.

ಕ್ಷಮಿಸುವವರು ದೂರು ಹೇಳಬಾರದು ಎಂಬ ಎರಡನೆಯ ಮಾತು ಹೆಚ್ಚು ಅಪಾಯದ್ದು. ದಲಿತ ಕ್ರೈಸ್ತರಿಗೆ ‘ನಿಮ್ಮನ್ನು ತುಳಿದವರನ್ನು ಕ್ಷಮಿಸಿ, ಸುಮ್ಮನಿರಿ’ ಎಂದು ಬೋಧಿಸಿದ್ದುಂಟು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಎ. ಪಿ. ನಿರ್ಮಲ್ ಅವರು ಮಾಡಿದ ಉಪನ್ಯಾಸದಿಂದ ಬೆಳೆದ ದಲಿತ ಧರ್ಮಶಾಸ್ತ್ರ ಕಲಿಸಿದ ದೊಡ್ಡ ಪಾಠವೆಂದರೆ, ಬೈಬಲನ್ನು ನೊಂದವರ ಕಡೆಯಿಂದ ಓದಬೇಕೆಂಬುದು. ಹಾಗೆ ಓದಿದಾಗ ಮತ್ತಾಯ 18ರ 31ನೆಯ ವಚನ ಎದ್ದು ಕಾಣುತ್ತದೆ. ಜೊತೆಯ ಸೇವಕರು ನಡೆದದ್ದನ್ನು ನೋಡಿ ಬಹಳ ನೊಂದುಕೊಳ್ಳುತ್ತಾರೆ. ಹೋಗಿ ಒಡೆಯನಿಗೆ ಎಲ್ಲವನ್ನೂ ಹೇಳುತ್ತಾರೆ. ಕಥೆಯಲ್ಲಿ ಅವರನ್ನು ಯಾರೂ ಗದರಿಸುವುದಿಲ್ಲ. ಅವರ ದೂರಿನಿಂದಲೇ ಅರಸನ ನ್ಯಾಯ ಮತ್ತೆ ಚಾಲನೆಗೆ ಬರುತ್ತದೆ. ಕರುಣೆ ತುಂಬಿದ ಈ ಕಥೆಯೊಳಗೇ ದೂರಿಗೂ ಜಾಗವಿದೆ. ಇನ್ನೊಂದು ಮಾತು: ಇಲ್ಲಿ ಬಿಡುವ ಭಾರ ಬಿದ್ದಿರುವುದು ಕೊಡಬೇಕಾದವನ ಮೇಲಲ್ಲ, ವಸೂಲು ಮಾಡುವವನ ಮೇಲೆ.

ಕ್ಷಮೆಯೂ ನ್ಯಾಯವೂ ಜೊತೆಗೇ ನಡೆಯಬಲ್ಲವು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಬೆಂಕಿಗೆ ಕಳೆದುಕೊಂಡ ಗ್ಲ್ಯಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದೆನೆಂದು ಬಹಿರಂಗವಾಗಿ ಹೇಳಿದರು. ಮೊಕದ್ದಮೆ ತನ್ನ ದಾರಿಯಲ್ಲಿ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆ ನ್ಯಾಯವನ್ನು ಅಳಿಸಲಿಲ್ಲ, ನ್ಯಾಯ ಕ್ಷಮೆಯನ್ನು ಅಳಿಸಲಿಲ್ಲ.

ಈ ಸೀಮೆಯಿಂದ ಇಂದೂ ಕುಟುಂಬಗಳು ಮೇಸ್ತ್ರಿಯ ಮುಂಗಡ ಪಡೆದು ಬೆಂಗಳೂರು, ಮುಂಬೈ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಕೂಲಿಯವರನ್ನು ತಡೆದಿಟ್ಟುಕೊಳ್ಳುವುದು 1976ರ ಕಾಯ್ದೆಯ ಪ್ರಕಾರವೂ ಜೀತವೇ. ಇಲ್ಲಿನ ಸಭಾಪಾಲಕರಲ್ಲಿ, ಭಾನುವಾರದ ಶಾಲೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು: ಈ ಸಾಮ್ಯವನ್ನು ಬೋಧಿಸುವಾಗ 31ನೆಯ ವಚನವನ್ನು ದಾಟಿಸಬೇಡಿ, ಅದರ ಜೊತೆಗೆ ಕಾಯ್ದೆಯ 6 ಮತ್ತು 9ನೆಯ ಕಲಂಗಳನ್ನೂ ಸಭೆಗೆ ಓದಿ ಹೇಳಿ, ಮುಂಗಡಕ್ಕೆ ಸಿಕ್ಕಿಬಿದ್ದವರ ಜೊತೆ ತಹಶೀಲ್ದಾರರ ಕಚೇರಿಯವರೆಗೂ ಹೋಗಿ.