ತಕ್ಕಡಿ ಹತ್ತಿದ ಗಗನಸಖಿಯರು

1949ರ ಸುಮಾರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ರಾಜ್ಯಕ್ಕೆ ತನ್ನದೇ ವಿಮಾನ ಕಂಪನಿಯೂ ಇತ್ತು: ಬೇಗಂಪೇಟೆಯಿಂದ ಹಾರುತ್ತಿದ್ದ ಡೆಕ್ಕನ್ ಏರ್‌ವೇಸ್. ಲೈಸೆನ್ಸ್ ಇದ್ದರೂ ಎಂಟು ಕಂಪನಿಗಳು ಬೇಡವೆಂದಿದ್ದ ಪ್ರೇಮ್ ಮಾಥುರ್ ಅವರಿಗೆ ಪೈಲಟ್ ಕೆಲಸ ಕೊಟ್ಟದ್ದು ಇದೇ ಕಂಪನಿ. ಕಾಕ್‌ಪಿಟ್‌ನಲ್ಲಿ ಹೆಣ್ಣನ್ನು ಕಂಡರೆ ಪ್ರಯಾಣಿಕರು ಹೆದರುತ್ತಾರೆ ಎಂಬುದು ಉಳಿದವರ ನೆಪ. ಹೈದರಾಬಾದಿನಲ್ಲೂ ಅವರಿಗೆ ದಕ್ಕಿದ್ದು ಸಹಪೈಲಟ್ ಸೀಟು ಮಾತ್ರ. 1953ರ ರಾಷ್ಟ್ರೀಕರಣದಲ್ಲಿ ಆ ಕಂಪನಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿಹೋಯಿತು.

ಪೈಲಟ್‌ಗೆ ಹೆಣ್ಣೆಂಬುದೇ ಅಡ್ಡಿಯಾದರೆ, ಗಗನಸಖಿಗೆ ಅಡ್ಡಿಯಾದದ್ದು ಅಳತೆ.

1930ರಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿ ನರ್ಸ್ ಎಲೆನ್ ಚರ್ಚ್ ಅವರನ್ನು ನೇಮಿಸಿಕೊಂಡು ಈ ಕೆಲಸವನ್ನು ಹೆಣ್ಣುಮಕ್ಕಳಿಗೆ ತೆರೆಯಿತು. ಮದುವೆಯಾಗಿರಬಾರದು, ವಯಸ್ಸು 25 ದಾಟಿರಬಾರದು, ಎತ್ತರ 5 ಅಡಿ 4 ಇಂಚು, ತೂಕ 115 ಪೌಂಡ್, ಅಂದರೆ 52 ಕಿಲೋ ಮೀರಬಾರದು. ಅಂದಿನ ಪುಟ್ಟ ವಿಮಾನಗಳಲ್ಲಿ ಒಂದೊಂದು ಕಿಲೋಗೂ ಲೆಕ್ಕವಿತ್ತು. ನೂರಾರು ಮಂದಿಯನ್ನು ಹೊರುವ ಜೆಟ್‌ಗಳು ಬಂದ ಮೇಲೆ ಆ ಕಾರಣ ಹೋಯಿತು, ತಕ್ಕಡಿ ಮಾತ್ರ ಉಳಿಯಿತು.

ಭಾರತದಲ್ಲೂ ಹಾಗೆಯೇ. ಏರ್ ಇಂಡಿಯಾದ ಗಗನಸಖಿ 35ಕ್ಕೆ ನಿವೃತ್ತಳಾಗಬೇಕಿತ್ತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಬಾರಿ ಬಸಿರಾದರೆ, ಅದಕ್ಕೂ ಮೊದಲೇ ಮನೆಗೆ. ಗಗನಸಖಿ ನರ್ಗೇಶ್ ಮಿರ್ಜಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಬಸಿರಿನ ನಿಯಮವನ್ನು ರದ್ದು ಮಾಡಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು.

ತೂಕದ ಜಗಳ ಮುಂದೆಯೂ ನಡೆಯಿತು. ದಪ್ಪಗಾದರೆಂದು ಹಾರಾಟದಿಂದ ಕೆಳಗಿಳಿಸಿದ ಗಗನಸಖಿಯರು ಕೋರ್ಟಿಗೆ ಹೋದರೆ, 2008ರಲ್ಲಿ ದೆಹಲಿ ಹೈಕೋರ್ಟ್ ಕಂಪನಿಯ ಪರ ನಿಂತಿತು. 2009ರ ಆರಂಭದಲ್ಲಿ ಏರ್ ಇಂಡಿಯಾ ಹತ್ತು ಮಂದಿಯನ್ನು ಕೆಲಸದಿಂದಲೇ ತೆಗೆಯಿತು. 2014ರಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಗೊತ್ತುಮಾಡಿದ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಮಿತಿಯಲ್ಲಿ ಗಂಡಸರಿಗೆ 25ರವರೆಗೆ ಸಾಮಾನ್ಯ, ಹೆಂಗಸರಿಗೆ 22ರವರೆಗೆ. ಕೂಡಿ ಕಳೆದು ನೋಡಿದರೆ, 160 ಸೆಂಟಿಮೀಟರ್ ಎತ್ತರದ ಗಂಡಸು 64 ಕಿಲೋ ತೂಗಬಹುದು; ಅಷ್ಟೇ ಎತ್ತರದ ಹೆಂಗಸು 56 ಕಿಲೋ ದಾಟಿದರೆ ಅಧಿಕ ತೂಕದ ಸಾಲಿಗೆ. ಇಬ್ಬರೂ ಎಳೆಯುವುದು ಒಂದೇ ತಳ್ಳುಗಾಡಿ, ಅಪಾಯ ಬಂದರೆ ತೆರೆಯುವುದು ಒಂದೇ ಬಾಗಿಲು.

ಕೆಲಸಕ್ಕೆ ಬೇಕಾದ ಅಳತೆ ಇಲ್ಲವೆಂದಲ್ಲ. ಎಮಿರೇಟ್ಸ್ ವಿಮಾನ ಕಂಪನಿಯ ಸಂದರ್ಶನದಲ್ಲಿ ಅಭ್ಯರ್ಥಿ ಗೋಡೆಯ ಪಕ್ಕ ನಿಂತು, ಹಿಮ್ಮಡಿ ಎತ್ತಿ, ತುದಿಗಾಲ ಮೇಲೆ ಕೈ ಚಾಚುತ್ತಾಳೆ. ಬೆರಳ ತುದಿ 212 ಸೆಂಟಿಮೀಟರ್ ಗುರುತನ್ನು ಮುಟ್ಟಬೇಕು. ಸುರಕ್ಷಾ ಸಾಮಾನುಗಳಿರುವುದು ತಲೆಯ ಮೇಲಿನ ಕಪಾಟಿನಲ್ಲಿ. ಕೈಗೆ ಎಟುಕದಿದ್ದರೆ ಪ್ರಯಾಣಿಕರ ಜೀವಕ್ಕೇ ಕುತ್ತು. ಇದನ್ನು ಯಾರೂ ಅನ್ಯಾಯ ಎನ್ನಲಾರರು.

ಕೊಪ್ಪಳದ ಬಸಾಪುರದಲ್ಲಿರುವುದು ಖಾಸಗಿ ಏರ್‌ಸ್ಟ್ರಿಪ್. ಮೊದಲು ಹೇಳಿದ ನಾಲ್ಕು ತಾಲ್ಲೂಕಿನವರಿಗೆ ವಿಮಾನ ಹತ್ತಲು ತೋರಣಗಲ್ಲು ಬಳಿಯ ವಿದ್ಯಾನಗರ ಇಲ್ಲವೇ ಹುಬ್ಬಳ್ಳಿಯೇ ಗತಿ. ಕುಷ್ಟಗಿಯ ಹುಡುಗಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ಸಂದರ್ಶನಕ್ಕೆ ಹೋಗುವುದಾದರೆ, ಅಲ್ಲಿ ತನ್ನನ್ನು ಅಳೆಯುವುದು ಯಾತಕ್ಕೆಂದು ಆಕೆಗೆ ಮೊದಲೇ ಗೊತ್ತಿರಬೇಕು. ಎತ್ತರ, ತೂಕ ಬರೆಯುವ ಕಂಪನಿಗಳು ಅದೇ ಜಾಹೀರಾತಿನಲ್ಲಿ ಒಂದೊಂದು ಅಳತೆಯ ಕಾರಣವನ್ನೂ ಬರೆಯಲಿ. ಗಂಡಿಗೊಂದು, ಹೆಣ್ಣಿಗೊಂದು ಅಂಕಿ ಇಟ್ಟಿದ್ದರೆ ಅದಕ್ಕೂ ಉತ್ತರ ಕೊಡಲಿ.